ತೋಟದ ಯಜಮಾನಿ

ಅತ್ತೆ ಡಬ್ಬಿಂಗ್ ಕಲಾವಿದೆಯಾಗಿದ್ದವರು. ಲಕ್ವಾ ಹೊಡೆದು ಮಾತು ನಿಂತ ಮೇಲೆ ಅವರ ದನಿ ಉಳಿದದ್ದು ಒಂದೇ ಕಡೆ, ಕನ್ನಡಕ್ಕೆ ಬಂದ ಒಂದು ವಿಡಿಯೋ ಗೇಮಿನಲ್ಲಿ. ಎರಡು ಸಾವಿರ ವರ್ಷದ ಹಿಂದಿನ ರೋಮ್, ಊರಾಚೆ ಒಂದು ದ್ರಾಕ್ಷಿ ತೋಟ. ಆ ತೋಟದ ಯಜಮಾನಿಗೆ ಅತ್ತೆಯ ದನಿ.

ಮಗ ತಾಯಿಯ ತಲೆಗೆ ಎರಡು ದಿಂಬು ಕೊಟ್ಟು, ಮಂಚವನ್ನು ಟಿವಿಯ ಎದುರಿಗೆ ಸರಿಸಿದ. ಆಟದ ಸೈನಿಕನನ್ನು ತೋಟದ ಬಾಗಿಲಿಗೆ ನಡೆಸಿದ. ಯಜಮಾನಿ ಆಳು ಹುಡುಗಿಯ ಮೇಲೆ ಹರಿಹಾಯ್ದಳು: "ಹೊತ್ತು ನೆತ್ತಿಗೇರಿದ್ರೂ ನೀರು ಸೇದಿಲ್ವಲ್ಲೇ, ದರಿದ್ರದೋಳೇ!"

ಮಗ ನಕ್ಕ. "ಈ ಬೈಗುಳ ಸ್ಕ್ರಿಪ್ಟಲ್ಲಿ ಇರ್ಲೇ ಇಲ್ಲ, ಅಮ್ಮನೇ ಸೇರಿಸಿದ್ದು. ನಿಂಗೆ ಬೈತಿದ್ದ ಹಾಗೇ ಇದೆ ಅಲ್ವೇನೇ, ವತ್ಸಲಾ?"

"ಹೂಂ ರೀ, ಹಾಗೇ ಇದೆ," ಎಂದಳು ಸೊಸೆ, ಅತ್ತೆಯ ಬಾಯಂಚು ಒರೆಸುತ್ತ.

ಅತ್ತೆಯ ಕಣ್ಣಲ್ಲಿ ನೀರು ತುಂಬಿತು.

"ನೋಡು, ತನ್ನ ದನಿ ಕೇಳಿ ಅಮ್ಮಂಗೆ ಎಷ್ಟು ಸಂತೋಷ! ನಾನು ಆಫೀಸಿಗೆ ಹೋದ್ಮೇಲೂ ಹಾಕು."

"ದಿನಾ ಹಾಕ್ತೀನಲ್ಲ. ನೀವು ಹೊರಡಿ, ಹೊತ್ತಾಯ್ತು."

ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಸೊಸೆ ಬಾಗಿಲಿಗೆ ಚಿಲಕ ಹಾಕಿ ಬಂದಳು. ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಸೊಸೆ ಟಿವಿಯ ಸದ್ದು ಏರಿಸಿದಳು, ಸೈನಿಕನ ಕತ್ತಿ ಹಿರಿದಳು.

"ನಿನ್ನೆ ಬಾವಿ ಹತ್ರ ಚೆನ್ನಾಗಿ ಕಿರುಚಿದ್ರಿ ಅತ್ತೆ," ಎಂದಳು. "ಇವತ್ತು ಅಡುಗೆಮನೇಲಿ ಕೊಲ್ಲಲಾ?"