ಹರಿಹರದ ಅಭಿಮಾನಿ

"ಮುಂದಿನದು ಹರಿಹರದ ಅಭಿಮಾನಿ," ಎಂದ ಪರಶುರಾಮ ಮೂಗಿನಲ್ಲಿ ದನಿ ತೆಗೆದು ಮೊಬೈಲ್ ನೋಡಿ ಓದತೊಡಗಿದ. ಅಭಿಮಾನಿಗಳು ಹೆಸರು ಹೇಳದೆ ಕಳಿಸುವ ಕನ್ಫೆಷನ್ ಸಂದೇಶಗಳನ್ನು ಹೀಗೆ ಓದಿ, ರೀಲ್ಸ್‌ನಲ್ಲಿ ಹೆಸರಾದ ಹನ್ನೆರಡು ವರ್ಷದ ಮಗಳು ಚೌಡೇಶ್ವರಿಯನ್ನು ನಗಿಸುವುದು ಅವನ ರೂಢಿ. "ಚೌಡೇಶ್ವರಿ, ನಿನ್ನ ಮಿಮಿಕ್ರಿ ಅಂದ್ರೆ ಪ್ರಾಣ. ಆದ್ರೆ ನಿಮ್ಮಪ್ಪ ಸ್ಕೂಲ್ ಬಿಡಿಸಬಾರದಿತ್ತು. ಅಟ್ಟದ ಮೇಲೆ ಅಕ್ಕಿ ಚೀಲದಾಗ ಕಟ್ಟಿಟ್ಟ ಪುಸ್ತಕ..."

ಮೂಗಿನ ದನಿ ನಿಂತಿತು. "ನಮ್ಮ ನಿಟ್ಟುವಳ್ಳಿ ಮನಿ ಅಟ್ಟದಾಗಿನ ಚೀಲ ಹರಿಹರದವ್ರಿಗೆ ಹೆಂಗೆ ಗೊತ್ತು?"

ಮಗಳ ಮುಖದ ಮೇಲಿದ್ದ ರಿಂಗ್ ಲೈಟನ್ನು ಅವನು ಮೆಲ್ಲಗೆ ಹೆಂಡತಿ ಭಾಗ್ಯಲಕ್ಷ್ಮಿಯ ಕಡೆಗೆ ತಿರುಗಿಸಿದ. "ನೀನು ಓದು. ಬರ್ದವ್ರ ದನಿ ನಿನಗ ಹೊಂದ್ತೈತಾ ನೋಡಾನ."

ಮಗಳು ಓಡಿಬಂದು ಆ ಬೆಳಕಿಗೆ ಅಡ್ಡ ನಿಂತಳು. "ನಾನೇ ಬರ್ದಿದ್ದು, ಅಪ್ಪಾ." ಈ ಸಲ ಅವಳು ಯಾರ ದನಿಯನ್ನೂ ಅನುಕರಿಸಿರಲಿಲ್ಲ.

ಪರಶುರಾಮ ನಕ್ಕು, ಏಣಿಯನ್ನು ಅಟ್ಟಕ್ಕೆ ಆನಿಸಿದ. "ಪುಸ್ತಕ ಇಳಿಸವ್ವಾ. ಬಚ್ಚಲ ಒಲಿ ಉರೀತೈತೆ. ನಗ್ತಾ ಒಲಿಗೆ ಹಾಕು, ರೀಲ್ ಮಾಡಾನ."