ಫಕೀರವ್ವ ಹೇಳದ ಹೆಸರು

ನಮ್ಮೂರಿನಲ್ಲಿ ಮನೆಗೋಡೆಗಳು ಕೇಳಿಸಿಕೊಂಡ ಮಾತೆಲ್ಲ ಚಾವಡಿಯ ಯಂತ್ರದಲ್ಲಿ ಶೇಖರವಾಗುತ್ತದೆ. ಅದರಲ್ಲಿ ಹುಡುಕುವ ತಂತ್ರಾಂಶವನ್ನು ಮೂಲ ಕೋಡಿನಿಂದ ಊರವರೇ ಕಟ್ಟಿಕೊಂಡಿದ್ದಾರೆ, ನೋಡಿಕೊಳ್ಳುವವನು ದ್ಯಾಮಣ್ಣ. ಯಾವ ಮನೆಯ ಮಾತು ಬೇಕೋ ಆ ಮನೆಯವರೇ ಬಂದು, ಮಾತಾಡಿದವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು.

ಫಕೀರವ್ವ ಎತ್ತನ್ನು ಹೊಡೆದುಕೊಂಡು ಬಂದು ಚಾವಡಿಯ ಮುಂದೆ ಕಟ್ಟಿ, ಜೋಳದ ಕಣಿಕೆ ಹಾಕಿದಳು. ಗಂಡ ತೀರಿಕೊಂಡಾಗಿನಿಂದ ಅದು ಮೇವು ಮುಟ್ಟಿರಲಿಲ್ಲ. ಅವನ ದನಿ ಕೇಳಿಸಿದರೆ ತಿಂದೀತು ಎಂಬ ಆಸೆ ಅವಳದು.

"ಕಾಕಾನ ಹೆಸರು ಹೇಳು ಚಿಗವ್ವಾ," ಎಂದ ದ್ಯಾಮಣ್ಣ.

"ನಮ್ಮನಿಯವ್ರು."

ಯಂತ್ರ ಸುಮ್ಮನಿತ್ತು.

"ಹೆಸರು ಬೇಕು ಅದಕ್ಕ. ಇಲ್ಲಿ ನನ್ನ ಬಿಟ್ರ ಯಾರದಾರ?"

"ಚಾವಡಿ ಗೋಡಿನೂ ಕೇಳ್ತೈತಲ್ಲೋ, ಅದು ಎಲ್ಲಾರದು! ನಾಳೆ ಊರ ಮಂದಿ ಹುಡುಕಿ ಕೇಳಿ ನಗಬೇಕೇನು? ಜೀವ ಇದ್ದಾಗ ಹೇಳದ್ದು ಈಗ ಹೇಳ್ಲೇನು?"

ದ್ಯಾಮಣ್ಣ ನಕ್ಕು ಮೂಲ ಕೋಡನ್ನು ತೆರೆದ. ಹೆಂಗಸು 'ನಮ್ಮನಿಯವ್ರು' ಎಂದರೆ ಅವಳ ಗಂಡನೆಂದು ತಿಳಿಯುವಂತೆ ಒಂದು ಸಾಲು ಸೇರಿಸಿ, ತಂತ್ರಾಂಶವನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಯಂತ್ರಕ್ಕೆ ಬಿಟ್ಟ. ಅದು ಮುಗಿಯುವವರೆಗೆ ಕುಡಿಯಲೆಂದು ಅವಳಿಗೂ ಒಂದು ಕಪ್ಪು ಚಹಾ ಬಗ್ಗಿಸಿ ಕೊಟ್ಟ.

"ಈಗ ಹೇಳು."

"ನಮ್ಮನಿಯವ್ರು... ಎತ್ತಿಗೆ ಮೇವು ಹಾಕೋ ಮುಂದ ಅಂತಿದ್ರಲ್ಲ, ಅದು."

"ತಿನ್ನೋ ನನ್ನಪ್ಪಾ, ತಿನ್ನು. ನಿನ್ನ ಬಿಟ್ಟು ನಾ ಹೆಂಗ ಉಣ್ಣಲಿ?" ಎಂದಿತು ಗಂಡನ ದನಿ.

ಹೊರಗೆ ಎತ್ತು ಕಿವಿ ನಿಮಿರಿಸಿ ಕಣಿಕೆಗೆ ಬಾಯಿ ಹಾಕಿತು. ಒಳಗೆ ಫಕೀರವ್ವ ಕಪ್ಪನ್ನು ಕೆಳಗಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು.