ಬಿರಾಟನಗರಕ್ಕೆ ಬಂದ ಲೇತ್

ಊರು ಬಿಟ್ಟರೆ ಯಂತ್ರಗಳಿಗೂ ಬೇಸರವಾಗುತ್ತದೆ. ಅದಕ್ಕೇ ನಮ್ಮ ಹರಿಹರದ ಪಂಪ್ ಕಾರ್ಖಾನೆ ನೇಪಾಳದ ಬಿರಾಟನಗರದಲ್ಲಿ ಮೊದಲ ಘಟಕ ತೆರೆದಾಗ, ಕಬ್ಬಿಣ ಕಡೆಯುವ ಹಳೆಯ ಲೇತ್ ಜೊತೆ ಅದನ್ನು ಮೂವತ್ತು ವರ್ಷ ನಡೆಸಿದ ನನ್ನನ್ನೂ ಕಳಿಸಿದರು. ಹನ್ನೊಂದು ದಿನವಾದರೂ ಅದು ನನ್ನ ಕೈಗೆ ಬಿಟ್ಟರೆ ಇಲ್ಲಿಯವರ ಕೈಗೆ ತಿರುಗಲಿಲ್ಲ. ಇವತ್ತೂ ತಿರುಗದಿದ್ದರೆ ಘಟಕ ಮುಚ್ಚುತ್ತಾರೆ.

"ನೀವೇ ಸ್ವಿಚ್ ಒತ್ತಿಬಿಡ್ರಿ ಅಕ್ಕಾರೆ," ಎಂದರು ಮ್ಯಾನೇಜರ್ ಬಸವನಗೌಡರು.

"ನಾನು ಹೋದ ಮೇಲೆ ಮತ್ತೆ ನಿಲ್ತತಿ. ಸವಿತ್ರಾನೇ ಒತ್ಲಿ."

ಸವಿತ್ರಾ ಇಲ್ಲಿಯ ಹೊಸ ಕೆಲಸಗಾರ್ತಿ. ಬೆಳಿಗ್ಗೆ ಮಂಜಿನಲ್ಲಿ ನಡುಗುತ್ತ ಬಂದವಳು, ತನ್ನ ಶಾಲು ತೆಗೆದು ಲೇತಿಗೆ ಹೊದಿಸಿದ್ದನ್ನು ನಾನು ನೋಡಿದ್ದೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅವಳು ಒತ್ತಿದಳು. ಲೇತ್ ಒಮ್ಮೆ ಗೊಣಗಿ, ತಿರುಗಿತು.

"ಇನ್ನೊಂದು ವಾರ ಇರ್ರಿ," ಎಂದರು ಗೌಡರು.

"ಬ್ಯಾಡ್ರಿ. ನಾನಿದ್ರೆ ನನ್ನನ್ನೇ ನೋಡ್ತಿರ್ತತಿ."

ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ಬರುವವಳ ಹಾಗೆ, ಅದಕ್ಕೆ ಹೇಳದೆ ಹಿಂಬಾಗಿಲಿನಿಂದ ಹೊರಟೆ.